ದೀಪದ ಸುತ್ತ ಬಣ್ಣದ ಬಳೆ

ಹೋದ ವರ್ಷ ಒಂದು ಕಣ್ಣಾಸ್ಪತ್ರೆಯ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ವಿಷಯ ಗ್ಲಾಕೋಮಾ. ಇಂಥ ಕೆಲಸ ಸಾಮಾನ್ಯವಾಗಿ ಸಲೀಸಾಗಿ ಸಾಗುತ್ತದೆ, ಬಹುಪಾಲು ಪದಗಳು ಈಗಾಗಲೇ ಬಳಕೆಯಲ್ಲಿವೆ. ಆದರೆ ಗ್ಲಾಕೋಮಾಕ್ಕೆ ಕಾರಣಗಳ ಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಎರಡೇ ಎರಡು ಪದ ನನ್ನನ್ನು ಒಂದು ವಾರ ಹಿಡಿದು ನಿಲ್ಲಿಸಿತು: 'ಎಪಿಡೆಮಿಕ್ ಡ್ರಾಪ್ಸಿ'.

ನಿಘಂಟಿನಲ್ಲಿ ಡ್ರಾಪ್ಸಿಗೆ 'ಜಲೋದರ' ಎಂದಿದೆ. ಜಲೋದರ ಎಂದರೆ ಹೊಟ್ಟೆಯಲ್ಲಿ ನೀರು ತುಂಬುವುದು. ಈ ಕಾಯಿಲೆಯಲ್ಲಿ ನೀರು ತುಂಬುವುದು ಮೊದಲು ಕಾಲಿಗೆ. ಎಪಿಡೆಮಿಕ್ ಎಂದ ಕೂಡಲೇ ನಾವು ಅನುವಾದಕರು ಕಣ್ಣುಮುಚ್ಚಿ ಬರೆಯುವ ಪದ 'ಸಾಂಕ್ರಾಮಿಕ'. ಆದರೆ ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ. ಹಾಗಾಗಿ 'ಸಾಂಕ್ರಾಮಿಕ ಜಲೋದರ' ಎಂದು ಬರೆದರೆ ಎರಡು ಪದದಲ್ಲಿ ಎರಡು ತಪ್ಪು. ತಮಾಷೆಯೆಂದರೆ, ಈ ತಪ್ಪು ಮಾಡಲು ಹೊರಟವನು ನಾನೇ ಮೊದಲಿಗನಲ್ಲ. ಕಲ್ಕತ್ತದ ದೊಡ್ಡ ದೊಡ್ಡ ವೈದ್ಯರು ಅರುವತ್ತು ವರ್ಷ ಇಂಥದ್ದೇ ದಾರಿಯಲ್ಲಿ ಸುತ್ತಿದ್ದರು.

1877ರಲ್ಲಿ ಕಲ್ಕತ್ತದಲ್ಲಿ ಈ ಕಾಯಿಲೆ ಮೊದಲ ಬಾರಿಗೆ ವೈದ್ಯರ ಗಮನಕ್ಕೆ ಬಂತು. ಎರಡೂ ಕಾಲು ಊದಿಕೊಳ್ಳುವುದು, ಬೇಧಿ, ಚರ್ಮ ಕೆಂಪಾಗುವುದು, ಏದುಸಿರು, ಕೆಲವರಲ್ಲಿ ಹೃದಯ ಸೋತು ಸಾವು. ಮರುವರ್ಷ ಮಾರಿಷಸ್‌ನಲ್ಲಿ, ಕಬ್ಬಿನ ತೋಟಗಳ ಕೂಲಿಗೆಂದು ಹೋಗಿದ್ದ ಭಾರತೀಯರ ನಡುವೆ ಕಾಣಿಸಿತು. ಒಂದು ಮನೆಯಲ್ಲಿ ಒಬ್ಬರಿಗೆ ಬಂದರೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತಿತ್ತು. ಅದಕ್ಕೇ ಸೋಂಕು ಎಂಬ ಅನುಮಾನ. ಒಂದೇ ಒಲೆಯ ಅಡುಗೆ ಉಣ್ಣುವವರಿಗೆ ಒಟ್ಟಿಗೆ ಕಾಯಿಲೆ ಬರಲು ಬೇರೆ ಕಾರಣವೂ ಇರಬಹುದಲ್ಲ, ಎಂದು ಈಗ ನಾವು ಸುಲಭವಾಗಿ ಹೇಳಬಹುದು. ಆಗ ಅಷ್ಟು ಸುಲಭವಿರಲಿಲ್ಲ. ಕಾಲು ಊದುವ ಇನ್ನೊಂದು ರೋಗ, ಬೆರಿಬೆರಿ, ಅದೇ ಕಾಲದಲ್ಲಿ ಪಾಲಿಶ್ ಮಾಡಿದ ಅಕ್ಕಿಗೆ ತಳುಕು ಹಾಕಿಕೊಂಡಿತ್ತು. ಹಾಗಾಗಿ ಅನುಮಾನ ಅಕ್ಕಿಯ ಮೇಲೆ ಹೋಯಿತು. ಒದ್ದೆ ಗೋದಾಮಿನಲ್ಲಿ ಇಟ್ಟ ಕುಸುಬಲಕ್ಕಿಯಲ್ಲಿ ಸೂಕ್ಷ್ಮಜೀವಿ ಬೆಳೆದು ವಿಷ ಹುಟ್ಟುತ್ತದೆ ಎಂಬ ವಾದ 1920ರ ದಶಕದಲ್ಲಿ ಬಲವಾಗಿತ್ತು. ಅದನ್ನು ಮುಂದಿಟ್ಟವರಲ್ಲಿ ಕಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಆಕ್ಟನ್ ಮತ್ತು ಆರ್. ಎನ್. ಚೋಪ್ರಾ ಪ್ರಮುಖರು. ಚೋಪ್ರಾ ಅವರ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಕಣ್ಣು ಈ ಕಥೆಯೊಳಗೆ ಬರುವುದು 1909ರಲ್ಲಿ. ಕಲ್ಕತ್ತದ ನೇತ್ರವೈದ್ಯ ಮೇನಾರ್ಡ್ 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದರು: ಈ ನೀರುಬಾವಿನ ರೋಗಿಗಳಲ್ಲಿ ಕಣ್ಣೊಳಗಿನ ಒತ್ತಡ ಏರಿರುವುದು ಕಾಣುತ್ತಿದೆ. 1930ರ ದಶಕದಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜಿನ ಕಿರ್ವಾನ್ ಇದನ್ನು ವಿಸ್ತಾರವಾಗಿ ವಿವರಿಸಿದರು. ಇದು ವಿಚಿತ್ರ ಗ್ಲಾಕೋಮಾ. ಕಣ್ಣು ಕೆಂಪಾಗುವುದಿಲ್ಲ, ದೊಡ್ಡ ನೋವಿಲ್ಲ. ಎರಡೂ ಕಣ್ಣಿಗೆ ಬರುತ್ತದೆ. ರೋಗಿ ಹೇಳುವುದು ಇಷ್ಟೇ: ನೋಟ ಮಂಜಾಗಿದೆ, ಸಂಜೆ ದೀಪ ಹಚ್ಚಿದರೆ ಅದರ ಸುತ್ತ ಬಣ್ಣದ ಬಳೆ ಕಾಣುತ್ತದೆ.

ನಮ್ಮ ಕಣ್ಣಿನ ಮುಂಭಾಗದಲ್ಲಿ ತಿಳಿನೀರೊಂದು ಸದಾ ಉತ್ಪತ್ತಿಯಾಗಿ, ಕಣ್ಣಿನ ಅಂಚಿನ ಜಾಲರಿಯ ಮೂಲಕ ಹೊರಗೆ ಬಸಿಯುತ್ತಿರುತ್ತದೆ. ಹುಟ್ಟುವ ನೀರು, ಹೋಗುವ ನೀರು ಸಮವಾಗಿದ್ದರೆ ಒತ್ತಡ ಸಮ. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಕೆಡುವುದು ಹೊರಹೋಗುವ ದಾರಿ, ಬಚ್ಚಲು ಕಟ್ಟಿಕೊಂಡ ಹಾಗೆ. ಇಲ್ಲಿ ಮಾತ್ರ ದಾರಿ ತೆರೆದೇ ಇರುತ್ತದೆ, ಆದರೂ ಒತ್ತಡ ಏರುತ್ತದೆ. ಹಾಗಾದರೆ ನೀರು ಹೆಚ್ಚಾಗಿ ಬರುತ್ತಿರಬೇಕು. ಏಕೆ? ಈ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಎಣ್ಣೆಯ ಕಥೆ.

ಎಣ್ಣೆಯ ಸುಳಿವು ಹಿಂದೆಯೇ ಸಿಕ್ಕಿತ್ತು. ದತ್ತೂರಿ ಬೀಜದ ಎಣ್ಣೆ ಸೇರಿದ ಆಹಾರ ತಿಂದು ಕಾಯಿಲೆ ಬಿದ್ದ ನಾಲ್ಕು ಪ್ರಕರಣಗಳನ್ನು ಲಯನ್ ಎಂಬವರು 1889ರಲ್ಲೇ ದಾಖಲಿಸಿದ್ದರು. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1926ರಲ್ಲಿ ಸರ್ಕಾರ್ ಎಂಬ ವೈದ್ಯರು ಅದೇ ಗೆಜೆಟ್‌ನಲ್ಲಿ 'ಕಟಾಕರ್ ಎಣ್ಣೆಯ ವಿಷ'ದ ಬಗ್ಗೆ ಬರೆದರು. ಕಟಾಕರ್ ಎನ್ನುವುದು ಅದೇ ಗಿಡದ ಆ ಕಡೆಯ ಹೆಸರು. 1937ರಲ್ಲಿ ಕಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಸಂಸ್ಥೆಯ ಆರ್. ಬಿ. ಲಾಲ್ ಮತ್ತು ರಾಯ್ ರೋಗ ಹರಡಿದ ರೀತಿಯನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿ, ಜಾಡು ಸಾಸಿವೆ ಎಣ್ಣೆಯತ್ತ ಹೋಗುವುದನ್ನು ತೋರಿಸಿದರು. ಬಂಗಾಳದಲ್ಲಿ ಅನ್ನ ಉಣ್ಣುವ ಪ್ರತಿ ಮನೆಯೂ ಸಾಸಿವೆ ಎಣ್ಣೆ ಬಳಸುತ್ತದೆ. ಆದ್ದರಿಂದ ಅನ್ನವನ್ನು ದೂರಿದರೂ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತಿತ್ತು.

ಕೊನೆಯ ಸಾಕ್ಷ್ಯ ಬಂದದ್ದು 1939ರಲ್ಲಿ. ಮನುಷ್ಯರಿಗೇ ಕಲಬೆರಕೆ ಎಣ್ಣೆಯ ಅಡುಗೆ ಉಣಿಸಿ, ಅವರಲ್ಲಿ ಅದೇ ಕಾಯಿಲೆ ಬರಿಸಿ ತೋರಿಸಲಾಯಿತು. ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಲಾರದ ಪ್ರಯೋಗ. ಓದುವಾಗ ನನಗೆ ಆ ತಟ್ಟೆಯ ಮುಂದೆ ಕೂತವರದ್ದೇ ಯೋಚನೆ. ಆ ಪ್ರಬಂಧದ ಲೇಖಕರಲ್ಲಿ ಮೊದಲ ಹೆಸರು ಚೋಪ್ರಾ. ಹತ್ತು ಹನ್ನೆರಡು ವರ್ಷ ಹಿಂದೆ ಅಕ್ಕಿಯ ವಾದವನ್ನು ಎತ್ತಿ ಹಿಡಿದಿದ್ದ ಅದೇ ಚೋಪ್ರಾ. ತಾನು ಕಟ್ಟಿದ ವಾದವನ್ನು ತಾನೇ ಕೆಡವುವುದು ವಿಜ್ಞಾನದಲ್ಲಿ ಆಗಬೇಕಾದ ಕೆಲಸ ಎಂದು ಪಠ್ಯಪುಸ್ತಕ ಹೇಳುತ್ತದೆ. ನಡೆದದ್ದನ್ನು ನೋಡಲು ಸಿಗುವುದು ಅಪರೂಪ.

ಈಗ ಆ ಗಿಡ. ನೀವು ನೋಡಿಯೇ ಇರುತ್ತೀರಿ. ರೈಲು ಹಳಿಯ ಪಕ್ಕ, ಬೀಳುಬಿಟ್ಟ ಹೊಲದಲ್ಲಿ, ಬೂದುಹಸಿರು ಬಣ್ಣದ ಮುಳ್ಳೆಲೆ, ತೆಳ್ಳನೆಯ ಹಳದಿ ಹೂವು, ಮುರಿದರೆ ಹಳದಿ ಹಾಲು. ಕನ್ನಡದಲ್ಲಿ ದತ್ತೂರಿ, ಅರಿಶಿನ ಉಮ್ಮತ್ತಿ. ಪುಣೆಯಲ್ಲಿರುವವರು ಪಿವಳಾ ಧೋತ್ರಾ ಎಂದು ಕೇಳಿರಬಹುದು. ಹಿಂದಿಯಲ್ಲಿ ಸತ್ಯಾನಾಶೀ, ಬಂಗಾಳಿಯಲ್ಲಿ ನರಿಯ ಮುಳ್ಳು ಎಂಬರ್ಥದ ಶಿಯಾಲ್‌ಕಾಂಟಾ. ಉಮ್ಮತ್ತಿಗೂ ಇದಕ್ಕೂ ಸಂಬಂಧವಿಲ್ಲ, ಇದು ಗಸಗಸೆಯ ಕುಲದ ಗಿಡ. ಮೂಲ ಮೆಕ್ಸಿಕೋ ಕಡೆಯದು. ಯೂರೋಪಿನವರ ಹಡಗುಗಳು ಓಡಾಡಲು ತೊಡಗಿದ ಮೇಲಷ್ಟೇ ನಮ್ಮಲ್ಲಿಗೆ ಬಂದಿರಬೇಕು. ಆದ್ದರಿಂದ ಹಳೆಯ ಆಯುರ್ವೇದ ಗ್ರಂಥಗಳ ಸ್ವರ್ಣಕ್ಷೀರಿ ಈ ಗಿಡವಾಗಿರಲು ಸಾಧ್ಯವಿಲ್ಲ. ಇದು ಬಂದ ಮೇಲೆ ಹಳೆಯ ಹೆಸರು ಹೊಸ ಗಿಡಕ್ಕೆ ಅಂಟಿಕೊಂಡಿದೆ.

ಇದರ ಶಾಸ್ತ್ರೀಯ ಹೆಸರು ಆರ್ಜಿಮೋನ್ ಮೆಕ್ಸಿಕಾನಾ, 1753ರಲ್ಲಿ ಲಿನೇಯಸ್ ಇಟ್ಟದ್ದು. ಭಾಷಾವಿಜ್ಞಾನ ಓದಿದವನಿಗೆ ಪದದ ಬುಡ ಕೆದಕದೆ ನಿದ್ದೆ ಬರುವುದಿಲ್ಲ. ಗ್ರೀಕಿನಲ್ಲಿ 'ಆರ್ಜೆಮ' ಎಂದರೆ ಕಣ್ಣಿನ ಬಿಳಿಪೊರೆ. ಅದಕ್ಕೆ ಮದ್ದೆಂದು ಬಳಸುತ್ತಿದ್ದ ಗಸಗಸೆಯಂಥ ಗಿಡಕ್ಕೆ ಗ್ರೀಕರು ಇಟ್ಟ ಹೆಸರು ಇದು. ನಮ್ಮಲ್ಲೂ ಇದರ ಹಳದಿ ಹಾಲನ್ನು ಎರಡು ತೊಂದರೆಗಳಿಗೆ ನಾಟಿ ಮದ್ದಾಗಿ ಬಳಸಿದ್ದು ಹಳೆಯ ದಾಖಲೆಗಳಲ್ಲಿದೆ: ಕಣ್ಣು ಬೇನೆಗೆ ಮತ್ತು ಮೈಗೆ ನೀರು ತುಂಬುವುದಕ್ಕೆ. ಇದರ ಎಣ್ಣೆ ತರುವುದೂ ಇವೆರಡನ್ನೇ.

ಇದರ ಬೀಜ ಕಪ್ಪು, ಗಾತ್ರದಲ್ಲಿ ಸಾಸಿವೆಯಂತೆಯೇ. ಹತ್ತಿರದಿಂದ ನೋಡಿದರೆ ಮೇಲ್ಮೈಯಲ್ಲಿ ಜಾಲದಂಥ ಕುಳಿಗಳು, ಸಾಸಿವೆ ನುಣುಪು. ಹತ್ತಿರದಿಂದ ನೋಡುವವರು ಯಾರು? ಸಾಸಿವೆ ಕೊಯ್ಲಿನ ಆಸುಪಾಸಿನಲ್ಲೇ ಇದೂ ಮಾಗುತ್ತದೆ. ಗೊತ್ತಿಲ್ಲದೆ ಸ್ವಲ್ಪ ಬೆರೆಯುವುದು ಒಂದು. ಬಿಟ್ಟಿ ಸಿಗುವ ಬೀಜವನ್ನು ಬೇಕೆಂದೇ ಗಾಣಕ್ಕೆ ಸುರಿಯುವುದು ಇನ್ನೊಂದು.

1948ರಲ್ಲಿ ಎಸ್. ಎನ್. ಸರ್ಕಾರ್ ಈ ಎಣ್ಣೆಯಿಂದ ವಿಷವನ್ನು ಬೇರ್ಪಡಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು: ಸ್ಯಾಂಗ್ವಿನರೀನ್ ಮತ್ತು ಅದರ ಜೊತೆಗಾರ ಡೈಹೈಡ್ರೊಸ್ಯಾಂಗ್ವಿನರೀನ್. ಈ ಹೆಸರು ಲ್ಯಾಟಿನ್ನಿನ ರಕ್ತ ಎಂಬ ಪದದಿಂದ ಬಂದದ್ದು. ಬೇರು ಮುರಿದರೆ ಕೆಂಪು ರಸ ಸುರಿಸುವ ಉತ್ತರ ಅಮೆರಿಕದ ಗಿಡವೊಂದರಲ್ಲೂ ಇದೇ ವಸ್ತುವಿದೆ. 1954ರಲ್ಲಿ ಹಕೀಮ್ ಎಂಬ ಸಂಶೋಧಕರು 'ಬ್ರಿಟಿಷ್ ಜರ್ನಲ್ ಆಫ್ ಆಫ್ತಾಲ್ಮಾಲಜಿ'ಯಲ್ಲಿ ಎಣ್ಣೆ, ಸ್ಯಾಂಗ್ವಿನರೀನ್ ಮತ್ತು ಗ್ಲಾಕೋಮಾ ಈ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದರು. ಆಮೇಲೆ ದಾರವನ್ನು ತೀರಾ ಉದ್ದ ಎಳೆದರು. ಗಸಗಸೆ ಕುಲದ ಗಿಡ ಮೇಯ್ದ ಪ್ರಾಣಿಗಳ ಹಾಲಿನ ಮೂಲಕ ಈ ವಿಷ ಜನರನ್ನು ತಲುಪುತ್ತಿರಬಹುದು, ಲೋಕದ ಬೇರೆಡೆಯ ಗ್ಲಾಕೋಮಾಕ್ಕೂ ಇದೇ ಕಾರಣವಿರಬಹುದು ಎಂದು 1961ರಲ್ಲಿ ವಾದಿಸಿದರು. ಆ ದೊಡ್ಡ ವಾದ ನಿಲ್ಲಲಿಲ್ಲ. ಎದೆಹಾಲು ಮಾತ್ರ ಕುಡಿಯುವ ಕೂಸುಗಳು ಈ ನೀರುಬಾವಿನಿಂದ ಪಾರಾಗುತ್ತವೆ ಎಂಬುದು ವೈದ್ಯರಿಗೆ ತಿಳಿದ ಸಂಗತಿ. ಹಾಲಿನ ವಾದಕ್ಕೆ ಅಲ್ಲೇ ಒಂದು ತೊಡಕಿತ್ತು ಅನಿಸುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಂದಿನ ಘಟ್ಟ. 1982ರಲ್ಲಿ ಕಲ್ಕತ್ತದ ಜಾದವ್‌ಪುರದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯ ಮೋತಿಲಾಲ್ ಮೈತಿ ಮತ್ತು ಸಂಗಡಿಗರು ಇದೇ ಅಣುವನ್ನು ಡಿಎನ್‌ಎ ಜೊತೆಗಿಟ್ಟು ನೋಡಿದರು. ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ಚಪ್ಪಟೆ ಅಣುಗಳು ನುಸುಳಿ ಕೂರಬಲ್ಲವು ಎಂದು 1961ರಲ್ಲಿ ಲೆರ್ಮನ್ ತೋರಿಸಿದ್ದರು. ಪುಸ್ತಕದ ಹಾಳೆಗಳ ನಡುವೆ ಮಕ್ಕಳು ನವಿಲುಗರಿ ಇಡುತ್ತಾರಲ್ಲ, ಹಾಗೆ. ಗರಿ ಇಟ್ಟರೆ ಪುಸ್ತಕ ಸ್ವಲ್ಪ ದಪ್ಪವಾಗುತ್ತದೆ. ಇಲ್ಲಿ ಡಿಎನ್‌ಎ ಉದ್ದವಾಗುತ್ತದೆ, ಅದರ ತಿರುಚು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಸ್ಯಾಂಗ್ವಿನರೀನ್ ಮಾಡುವುದು ಇದನ್ನೇ. ಸೊಗಸೆಂದರೆ ಈ ಅಣುವಿಗೆ ಎರಡು ವೇಷ. ಆಮ್ಲೀಯ ದ್ರಾವಣದಲ್ಲಿ ಅದು ಚಪ್ಪಟೆ, ಧನ ವಿದ್ಯುದಂಶವುಳ್ಳದ್ದು, ಕಿತ್ತಳೆಗೆಂಪು. ಆಗ ಡಿಎನ್‌ಎಯೊಳಗೆ ಕೂರುತ್ತದೆ. ಕ್ಷಾರೀಯದಲ್ಲಿ ಚಪ್ಪಟೆತನವೂ ಹೋಗಿ, ವಿದ್ಯುದಂಶವೂ ಹೋಗಿ, ಬಣ್ಣವೂ ಹೋಗುತ್ತದೆ. ಆಗ ಡಿಎನ್‌ಎ ಹತ್ತಿರ ಸುಳಿಯುವುದಿಲ್ಲ, ಆದರೆ ಜೀವಕೋಶದ ಪೊರೆ ದಾಟುವುದು ಸುಲಭ. ನಮ್ಮ ರಕ್ತದ ಸ್ಥಿತಿಯಲ್ಲಿ ಎರಡೂ ವೇಷದವರು ಇರುತ್ತಾರೆ.

ಹಾಗಾದರೆ ಕಣ್ಣಿನ ಒಗಟು ಬಿಡಿಸಿದಂತಾಯಿತೆ? ಇಲ್ಲ. ಬಲ್ಲವರು ಒಟ್ಟಾಗಿ ಮಾತಾಡಬೇಕಾದ್ದು ಇಲ್ಲಿ. ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವ ಒಂದು ಪಂಪು ಇದೆ. ಸ್ಯಾಂಗ್ವಿನರೀನ್ ಆ ಪಂಪನ್ನು ತಡೆಯುತ್ತದೆ ಎಂದು 1975ರಲ್ಲಿ ಸ್ಟ್ರಾಬ್ ಮತ್ತು ಕಾರ್ವರ್ ತೋರಿಸಿದರು. ಹೃದಯ ಸೋಲುವುದಕ್ಕೆ ಇದು ಒಂದು ವಿವರಣೆಯಾಗಿ ಬಳಕೆಗೆ ಬಂತು. ಆದರೆ ಕಣ್ಣಿನ ತಿಳಿನೀರನ್ನು ಉತ್ಪತ್ತಿ ಮಾಡುವುದೂ ಇದೇ ಪಂಪು. ಅದನ್ನು ತಡೆದರೆ ನೀರು ಕಡಿಮೆಯಾಗಬೇಕು, ಒತ್ತಡ ಇಳಿಯಬೇಕು. ರೋಗಿಯ ಕಣ್ಣಿನಲ್ಲಿ ಆಗುವುದು ತದ್ವಿರುದ್ಧ. 1988ರಲ್ಲಿ ಸಚ್‌ದೇವ್, ಸೂದ್ ಮತ್ತಿತರರು ರೋಗಿಗಳ ಕಣ್ಣಿನ ನೀರನ್ನೇ ಪರೀಕ್ಷಿಸಿ ಬೇರೆ ದಾರಿ ತೋರಿಸಿದರು: ಬಸಿಯುವ ದಾರಿ ಸರಿಯಾಗಿಯೇ ಇದೆ, ಆದರೆ ನೀರಿನಲ್ಲಿ ಪ್ರೋಟೀನೂ ಪ್ರೋಸ್ಟಗ್ಲಾಂಡಿನೂ ಹೆಚ್ಚಿವೆ. ಕಾಲಿನಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿ ಸೋರಿದಂತೆ ಕಣ್ಣಿನಲ್ಲೂ ಸೋರುತ್ತಿವೆ ಎಂದಾಯಿತು. ಅಂದರೆ ಈ ಗ್ಲಾಕೋಮಾ ಕಣ್ಣಿನೊಳಗಿನ ನೀರುಬಾವು. ಡಿಎನ್‌ಎಯಲ್ಲಿ ಕೂತ ಅಣುವಿನಿಂದ ಸೋರುವ ನಾಳದವರೆಗಿನ ದಾರಿಯನ್ನು ಮಾತ್ರ ಒಬ್ಬರೂ ಪೂರ್ತಿ ನಡೆದು ತೋರಿಸಿಲ್ಲ. ಲಕ್ನೋದ ವಿಷವಿಜ್ಞಾನ ಸಂಸ್ಥೆಯಲ್ಲಿ ಮುಕುಲ್ ದಾಸ್, ಖನ್ನಾ ಮುಂತಾದವರು ಈ ಎಣ್ಣೆ ಯಕೃತ್ತಿನ ಕಿಣ್ವಗಳಿಗೆ, ಜೀವಕೋಶದ ಪೊರೆಗೆ ಮಾಡುವ ಹಾನಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಆ ದಾರಿಯ ಕೆಲವು ಮೈಲಿಗಲ್ಲು ನೆಟ್ಟಿದ್ದಾರೆ.

ಇಷ್ಟೆಲ್ಲ ತಿಳಿದ ಮೇಲೆ, 1998ರ ಆಗಸ್ಟ್. ನಾನೀಗ ಇರುವ ದೆಹಲಿಯಲ್ಲಿ ಈ ಕಾಯಿಲೆ ಮತ್ತೆ ಎದ್ದಿತು. ಸುಮಾರು 3,000 ಜನ ಆಸ್ಪತ್ರೆ ಸೇರಿದರು, 60ಕ್ಕೂ ಹೆಚ್ಚು ಜನ ಸತ್ತರು. ಸಾಸಿವೆ ಎಣ್ಣೆಯ ಮಾರಾಟ ನಿಲ್ಲಿಸಲಾಯಿತು, ಬಿಡಿ ಎಣ್ಣೆ ಮಾರುವುದಕ್ಕೆ ತಡೆ ಬಂತು. ನಮ್ಮ ಮನೆಯೊಡತಿ ಬಂಗಾಳದವರು, ಈಗ ಎಪ್ಪತ್ತರ ಮೇಲೆ. ಆ ತಿಂಗಳುಗಳ ಬಗ್ಗೆ ಕೇಳಿದೆ. "ಮೀನು ತಂದರೂ ಮಾಡುವ ಮನಸ್ಸಿರಲಿಲ್ಲ" ಎಂದರು. ಅವರ ಮನೆಗೆ ಮುಚ್ಚಿದ ಡಬ್ಬಿಯ ಎಣ್ಣೆ ಬರುತ್ತಿತ್ತು, ಏನೂ ಆಗಲಿಲ್ಲ. ಪಾತ್ರೆ ಹಿಡಿದು ಹೋಗಿ ಅಂದಂದಿನ ಕೂಲಿಯಲ್ಲಿ ಅಂದಂದಿನ ಎಣ್ಣೆ ತರುವವರ ಮನೆಯಲ್ಲಿ ಆದದ್ದು ಬೇರೆ.

ಪತ್ತೆ ಹಚ್ಚುವುದು ಅಷ್ಟೇನೂ ಕಷ್ಟವಲ್ಲ. ಎಣ್ಣೆಗೆ ನೈಟ್ರಿಕ್ ಆಮ್ಲ ಸೇರಿಸಿ ಕುಲುಕಿದರೆ ಕಿತ್ತಳೆಯಿಂದ ಕೆಂಪಿನವರೆಗೆ ಬಣ್ಣ ಬರುತ್ತದೆ. ಕಲಬೆರಕೆ ಶೇ. 0.25ರಷ್ಟಿದ್ದರೂ ಗೊತ್ತಾಗುತ್ತದೆ. ಪೇಪರ್ ಕ್ರೊಮ್ಯಾಟೋಗ್ರಫಿಯಲ್ಲಿ ಶೇ. 0.0001ರವರೆಗೂ ಹಿಡಿಯಬಹುದು. ಆಹಾರ ಕಲಬೆರಕೆ ತಡೆ ಕಾಯ್ದೆ 1954ರಿಂದಲೇ ಇತ್ತು. ಆಮ್ಲದ ಬಾಟಲಿ ಹಿಡಿದು ಗಾಣದ ಬಾಗಿಲಿಗೆ ಯಾರಾದರೂ ಹೋಗಬೇಕಿತ್ತು, ಅಷ್ಟೇ. ಈ ಅಣುವನ್ನು ಡಿಎನ್‌ಎ ಜೊತೆಗಿಟ್ಟು ಅಭ್ಯಾಸ ಮಾಡಿದ್ದು ಇದೇ ದೇಶದ ಪ್ರಯೋಗಾಲಯ ಎಂಬುದನ್ನು ನೆನೆದಾಗ ನನಗೆ ಹೆಮ್ಮೆಗಿಂತ ಸಿಟ್ಟು ಹೆಚ್ಚು ಬರುತ್ತದೆ.

ಕರ್ನಾಟಕದಲ್ಲಿ ನಮಗೆ ಸಾಸಿವೆ ಎಂದರೆ ಒಗ್ಗರಣೆ, ಎಣ್ಣೆ ಎಂದರೆ ಶೇಂಗಾ ಅಥವಾ ಕೊಬ್ಬರಿ. ಈ ಕಾಯಿಲೆಗೆ ಕನ್ನಡದಲ್ಲಿ ಬಾಯಿಗೆ ಬರುವ ಹೆಸರಿಲ್ಲದಿರುವುದಕ್ಕೆ ಕಾರಣ ಅದೇ ಇರಬೇಕು. ಆದರೆ ಕೈಪಿಡಿ ಓದುವ ಕನ್ನಡಿಗರು ದೆಹಲಿಯಲ್ಲೂ ಇದ್ದಾರೆ, ಕೋಲ್ಕತ್ತದಲ್ಲೂ ಇದ್ದಾರೆ. ಕೊನೆಗೆ ನಾನು ಬರೆದದ್ದು 'ಕಲಬೆರಕೆ ಎಣ್ಣೆಯ ನೀರುಬಾವು'. ಕೆಳಗೆ ಗಿಡದ ಹೆಸರನ್ನು ಕನ್ನಡ, ಮರಾಠಿ, ಹಿಂದಿ, ಬಂಗಾಳಿಗಳಲ್ಲಿ ಕೊಟ್ಟು, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಜೊತೆಗೆ ಕಾಲು ಊದಿದ್ದರೆ, ಮನೆಯಲ್ಲಿ ಇನ್ಯಾರಿಗೆ ಹೀಗಾಗಿದೆ, ಎಣ್ಣೆ ಎಲ್ಲಿಂದ ತಂದಿರಿ ಎಂದು ಕೇಳಿ, ಎಂಬ ಒಂದು ಸಾಲು ಸೇರಿಸಲು ಅನುಮತಿ ಬೇಡಿದೆ. ಸಾಲು ಉಳಿಯಿತು. ಕರಡು ತಿದ್ದಿದವರು ಮಾತ್ರ 'ನೀರುಬಾವು' ಪದದ ಮುಂದೆ 'ಸಾಂಕ್ರಾಮಿಕ' ಎಂದು ಸೇರಿಸಿ ಕಳಿಸಿದ್ದರು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಅಂಟುವುದಿಲ್ಲ" ಎಂದು ಬರೆದು ವಾಪಸು ಕಳಿಸಿದೆ.