ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮೀಡಿಯಂ ವೇವ್ ರೇಡಿಯೊ: ಏರಿಯಲ್‌ನಿಂದ ಫೆರೈಟ್‌ವರೆಗೆ

ಮೀಡಿಯಂ ವೇವ್ ತರಂಗ ಹಗಲಿನಲ್ಲಿ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. ನೆಲದ ವಿದ್ಯುತ್ ವಾಹಕತೆ ಹೆಚ್ಚಿದ್ದಷ್ಟೂ ಅದು ದೂರ ಹೋಗುತ್ತದೆ. ಸಮುದ್ರದ ನೀರಿನ ವಾಹಕತೆ ಒಣನೆಲದ್ದಕ್ಕಿಂತ ಸಾವಿರ ಪಟ್ಟಿನಷ್ಟು ಹೆಚ್ಚು. ಹೀಗಾಗಿ ಕಡಲಂಚಿನ ಊರುಗಳಿಗೆ ಸಲೀಸಾಗಿ ಸಿಗುವ ನಿಲಯ, ಒಳನಾಡಿನ ಮುರಕಲ್ಲಿನ ಗುಡ್ಡಗಳನ್ನು ಹತ್ತಿಳಿದು ಬರುವಷ್ಟರಲ್ಲಿ ಸೊರಗುತ್ತದೆ. ನೇತ್ರಾವತಿ ದಂಡೆಯ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿ, ಬಂಟ್ವಾಳದ ಉತ್ತರಕ್ಕಿರುವ ಮೂಡುಬಿದಿರೆ ಮೂರೂ ಈ ಒಳನಾಡಿಗೇ ಸೇರಿದವು. ಇಲ್ಲಿ ರೇಡಿಯೊ ಚೆನ್ನಾಗಿ ಕೇಳಿಸಬೇಕಾದರೆ ಏರಿಯಲ್‌ನ ಬಗ್ಗೆ ಯೋಚಿಸಲೇಬೇಕಾಗಿತ್ತು.

1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದ ಜಿಲ್ಲೆ. ಕನ್ನಡ ಪ್ರಸಾರದ ಕೇಂದ್ರಗಳೋ ಘಟ್ಟದ ಮೇಲಿದ್ದವು: 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿ, 1950ರ ಧಾರವಾಡ, 1955ರ ಬೆಂಗಳೂರು, 1965ರ ಭದ್ರಾವತಿ. ಹಗಲಿನಲ್ಲಿ ಇವುಗಳ ಭೂತರಂಗ ಘಟ್ಟ ದಾಟುವಾಗಲೇ ಬಹುಪಾಲು ಕ್ಷೀಣಿಸುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಕೆಳಪದರ ಕರಗಿ, ಮೇಲಿನ ಪದರಗಳಿಂದ ಪ್ರತಿಫಲಿಸಿದ ತರಂಗ ಇಳಿದು ಬರುತ್ತಿತ್ತು. ಆಗ ಬೆಂಗಳೂರು, ಧಾರವಾಡಗಳು ಕೇಳಿಸುತ್ತಿದ್ದವು, ಆದರೆ ದನಿ ಏರುತ್ತ ಇಳಿಯುತ್ತ.

ಮರ್ಫಿ, ಫಿಲಿಪ್ಸ್, ಬುಷ್‌ನಂಥ ವಾಲ್ವ್ ಸೆಟ್ಟುಗಳ ಕಾಲದಲ್ಲಿ ಹೊರಗಿನ ಏರಿಯಲ್ ಇಲ್ಲದೆ ಕೆಲಸ ನಡೆಯುತ್ತಿರಲಿಲ್ಲ. ಸೆಟ್ಟಿನ ಹಿಂಬದಿಯಲ್ಲಿ ಎರಡು ತೂತುಗಳಿರುತ್ತಿದ್ದವು. ಒಂದು ಏರಿಯಲ್‌ಗೆ, ಇನ್ನೊಂದು ಅರ್ಥ್‌ಗೆ. ಪೇಟೆಯ ಮನೆಗಳಲ್ಲಿ ತಾಮ್ರದ ಎಳೆಗಳಿಂದ ನೇಯ್ದ ಜಾಲರಿಪಟ್ಟಿಯನ್ನು ಗೋಡೆಯಿಂದ ಗೋಡೆಗೆ ಕಟ್ಟಿದರೆ ಸಾಕಾಗುತ್ತಿತ್ತು. ದುರ್ಬಲ ಸಂಕೇತಕ್ಕೆ ಮಾತ್ರ ಉದ್ದನೆಯ ತಂತಿಯೇ ಬೇಕು: ಹತ್ತಿಪ್ಪತ್ತು ಮೀಟರ್ ತಾಮ್ರದ ತಂತಿ, ಎರಡು ತುದಿಗೂ ಪಿಂಗಾಣಿ ಇನ್ಸುಲೇಟರ್, ನಡುವಿನಿಂದಲೋ ತುದಿಯಿಂದಲೋ ಸೆಟ್ಟಿಗೆ ಇಳಿಯುವ ಎಳೆ. ತೆಂಗಿನ ಮರಕ್ಕೆ ಬಿಗಿದ ತಂತಿ ಮಳೆಗಾಲದ ಗಾಳಿಗೆ ಹರಿದುಹೋಗುತ್ತದೆ, ಹಾಗಾಗಿ ಸ್ವಲ್ಪ ಸಡಿಲ ಬಿಡುವುದು ಅಗತ್ಯ. ಮಂಗಳೂರು ಹೆಂಚಿನ ಮಾಡು ತರಂಗವನ್ನು ತಡೆಯುವುದಿಲ್ಲವಾದ್ದರಿಂದ ಅಟ್ಟದೊಳಗೆ ಎಳೆದ ತಂತಿಯೂ ಕೆಲಸ ಮಾಡುತ್ತದೆ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ತಾರಸಿಗೆ ಈ ಗುಣವಿಲ್ಲ.

ಜನ ಹೆಚ್ಚಾಗಿ ಅಲಕ್ಷಿಸಿದ್ದು ಅರ್ಥ್ ಅನ್ನು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಹೂತ ಸರಳು ನೆಲಕ್ಕೆ ಸರಿಯಾಗಿ ಸೋಂಕದೆ ಏರಿಯಲ್‌ನ ಅರ್ಧ ಪ್ರಯೋಜನ ನಷ್ಟವಾಗುತ್ತದೆ. ಬಾವಿಕಟ್ಟೆಯ ಬದಿಯ ತೇವದ ಜಾಗವೇ ಇದಕ್ಕೆ ಸೂಕ್ತ. ಮುಂಗಾರಿಗೆ ಮುಂಚಿನ ಮತ್ತು ಹಿಂಗಾರಿನ ಗುಡುಗು ಈ ಭಾಗದಲ್ಲಿ ತೀವ್ರ. ಮಿಂಚಿನ ಸಮಯದಲ್ಲಿ ಹೊರತಂತಿಯನ್ನು ಸೆಟ್ಟಿನಿಂದ ಕಳಚಿ ನೇರ ಅರ್ಥ್‌ಗೆ ಸೇರಿಸುವ ಸ್ವಿಚ್ಚು ಇರಲೇಬೇಕಾದ ಭಾಗ, ಅಲಂಕಾರವಲ್ಲ.

ಫೆರೈಟ್ ಈ ಚಿತ್ರವನ್ನು ಬದಲಿಸಿತು. ಇದು ಕಬ್ಬಿಣದ ಆಕ್ಸೈಡಿಗೆ ಮ್ಯಾಂಗನೀಸ್, ಸತು ಅಥವಾ ನಿಕಲ್ ಬೆರೆಸಿ ಸುಟ್ಟ ಕಪ್ಪು ಪಿಂಗಾಣಿ. ಕಾಂತಬಲವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ, ಆದರೆ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವುದಿಲ್ಲವಾದ್ದರಿಂದ ಶಕ್ತಿ ಪೋಲಾಗುವುದಿಲ್ಲ. 1930ರಲ್ಲಿ ಟೋಕಿಯೊದ ಕಾಟೊ ಮತ್ತು ತಾಕೆಯಿ ಇದರ ಮೇಲೆ ಕೆಲಸ ಮಾಡಿದರು. ಫಿಲಿಪ್ಸ್ ಪ್ರಯೋಗಾಲಯದ ಸ್ನೂಕ್ 1940ರ ದಶಕದಲ್ಲಿ ಅದನ್ನು ರೇಡಿಯೊ ಬಳಕೆಗೆ ಹದಗೊಳಿಸಿದರು. ಟ್ರಾನ್ಸಿಸ್ಟರ್ ಬಂದಾಗ, ಬೆರಳುದಪ್ಪದ ಫೆರೈಟ್ ರಾಡ್‌ಗೆ ಸುತ್ತಿದ ಸುರುಳಿಯೇ ಸೆಟ್ಟಿನೊಳಗಿನ ಏರಿಯಲ್ ಆಯಿತು. ರಾಡ್ ಉದ್ದವಾದಷ್ಟೂ ಸಂಕೇತ ಹೆಚ್ಚು. ಕೈಜಾರಿ ಬಿದ್ದು ಮುರಿದರೆ ಸಂಕೇತ ಕುಗ್ಗುವುದಲ್ಲದೆ ಟ್ಯೂನಿಂಗೂ ಸರಿಯುತ್ತದೆ.

ರಾಡ್‌ಗೆ ದಿಕ್ಕಿನ ಪ್ರಜ್ಞೆ ಇದೆ. ನಿಲಯಕ್ಕೆ ಅಡ್ಡವಾಗಿದ್ದಾಗ ಗರಿಷ್ಠ ಸಂಕೇತ, ತುದಿ ನಿಲಯದತ್ತ ತಿರುಗಿದಾಗ ಬಹುತೇಕ ಮೌನ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರಕವಿದ್ದದ್ದು ಮಂಗಳೂರಿನಲ್ಲಲ್ಲ, ಉಡುಪಿ ಆಚೆಯ ಬ್ರಹ್ಮಾವರದಲ್ಲಿ. ಶಕ್ತಿ 20 ಕಿಲೋವಾಟ್, ಆವರ್ತನ 1089 ಕಿಲೋಹರ್ಟ್ಸ್, ಹಳೆಯ ಡಯಲ್‌ಗಳ ಲೆಕ್ಕದಲ್ಲಿ ಸುಮಾರು 275 ಮೀಟರ್. ಬೆಳ್ತಂಗಡಿಗೆ ಬ್ರಹ್ಮಾವರ ವಾಯವ್ಯದಲ್ಲಿದೆ. ಹಾಗಾಗಿ ಅಲ್ಲಿ ರಾಡ್ ಈಶಾನ್ಯ–ನೈಋತ್ಯವಾಗಿ ಮಲಗಬೇಕು. ಪೂರ್ವದ ಬೆಂಗಳೂರಿಗೆ (612 ಕಿಲೋಹರ್ಟ್ಸ್) ಉತ್ತರ–ದಕ್ಷಿಣವಾಗಿ, ಉತ್ತರದ ಧಾರವಾಡಕ್ಕೆ (765) ಪೂರ್ವ–ಪಶ್ಚಿಮವಾಗಿ. ಮಂಗಳೂರು ನಿಲಯ ಕೇಳಬೇಕೆಂದು ಸೆಟ್ಟನ್ನು ಮಂಗಳೂರಿನ ಕಡೆಗೆ ಲೆಕ್ಕಹಾಕಿ ತಿರುಗಿಸುವುದು ಇಲ್ಲಿ ವ್ಯರ್ಥ.

ಈ ಮೌನದ ಬಿಂದುವೇ ಫೆರೈಟ್‌ನ ದೊಡ್ಡ ಕೊಡುಗೆ. ನಿಲಯಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಭದ್ರಾವತಿ 675ರಲ್ಲಿ, ಕೋಯಿಕ್ಕೋಡ್ 684ರಲ್ಲಿ ಇದ್ದುದರಿಂದ ಅವು ಬ್ಯಾಂಡ್‌ನಲ್ಲಿ ನೆರೆಹೊರೆ. ಬಂಟ್ವಾಳದಲ್ಲಿ ರಾಡ್‌ನ ತುದಿಯನ್ನು ಆಗ್ನೇಯಕ್ಕಿಂತ ಕೊಂಚ ದಕ್ಷಿಣಕ್ಕೆ ತೋರಿಸಿದರೆ ಕೋಯಿಕ್ಕೋಡ್ ಕುಗ್ಗುತ್ತದೆ, ಈಶಾನ್ಯದ ಭದ್ರಾವತಿ ಹೆಚ್ಚೇನೂ ಇಳಿಯದೆ ಉಳಿಯುತ್ತದೆ. ಯಾವ ಉದ್ದತಂತಿಗೂ ಈ ಕೆಲಸ ಇಷ್ಟು ಸುಲಭವಲ್ಲ.

ಟ್ರಾನ್ಸಿಸ್ಟರ್‌ಗಳಲ್ಲಿ ಏರಿಯಲ್ ತೂತು ಇಲ್ಲದಿದ್ದರೂ ಹೊರತಂತಿ ಜೋಡಿಸಬಹುದು. ಅದರ ತುದಿಯನ್ನು ಸೆಟ್ಟಿನ ಸುತ್ತ, ರಾಡ್ ಇರುವ ಕಡೆ ನಾಲ್ಕಾರು ಸುತ್ತು ಹಾಕಿ ಅರ್ಥ್‌ಗೆ ಸೇರಿಸಿದರೆ ಸಂಕೇತ ಕಾಂತೀಯವಾಗಿ ಒಳಸೇರುತ್ತದೆ. ಇನ್ನೂ ಉತ್ತಮ ವಿಧಾನ ಚೌಕಟ್ಟಿನ ಲೂಪ್: ಸುಮಾರು 60 ಸೆಂಟಿಮೀಟರ್ ಬದಿಯ ಮರದ ಚೌಕಕ್ಕೆ ಹನ್ನೆರಡರಷ್ಟು ಸುತ್ತು ತಂತಿ, ಹಳೆಯ ಸೆಟ್ಟಿನ ಗ್ಯಾಂಗ್ ಕಂಡೆನ್ಸರ್ ಒಂದು. ಸೆಟ್ಟಿನ ಪಕ್ಕ ಇಟ್ಟು ಕಂಡೆನ್ಸರ್ ತಿರುಗಿಸಿದರೆ, ಸರಿಯಾದ ಬಿಂದುವಿನಲ್ಲಿ ನಿಲಯ ತಟ್ಟನೆ ಎದ್ದು ಬರುತ್ತದೆ. ತಂತಿಯ ಜೋಡಣೆಯೇ ಬೇಡ.

ಇಂದು ಅಡ್ಡಿ ದೂರದ್ದಲ್ಲ, ಗದ್ದಲದ್ದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳ ಗೊರಗೊರ ಸದ್ದು ಮೀಡಿಯಂ ವೇವ್ ಅನ್ನು ಮುಚ್ಚಿಹಾಕುತ್ತದೆ. ಉದ್ದತಂತಿ ಸಂಕೇತದ ಜೊತೆ ಈ ಸದ್ದನ್ನೂ ಬಾಚಿ ತರುತ್ತದೆ. ಬ್ಯಾಟರಿ ಸೆಟ್ಟನ್ನು ವಯರಿಂಗ್‌ನಿಂದ ದೂರ, ಅಂಗಳದಲ್ಲಿಟ್ಟು ತಿರುಗಿಸುವುದೇ ಹೆಚ್ಚು ಫಲಕಾರಿ. ಮಂಗಳೂರು ಆಕಾಶವಾಣಿ 100.3 ಮೆಗಾಹರ್ಟ್ಸ್ ಎಫ್‌ಎಂನಲ್ಲಿ ಸ್ಪಷ್ಟವಾಗಿದೆ. ಆದರೆ ಎಫ್‌ಎಂ ಹೆಚ್ಚುಕಡಿಮೆ ನೇರಗೆರೆಯಲ್ಲಿ ಸಾಗುವುದರಿಂದ ಗುಡ್ಡದ ಮರೆಯಲ್ಲಿ ತೆಳುವಾಗುತ್ತದೆ. ಘಟ್ಟದ ಬುಡದ ತಗ್ಗುಗಳಿಗೆ ಗುಡ್ಡ ಬಳಸಿ ಬರುವ ಮೀಡಿಯಂ ವೇವ್‌ನಷ್ಟು ಒಗ್ಗುವ ಪ್ರಸಾರ ಬೇರೊಂದಿಲ್ಲ.