ಒಬ್ಬನಿಗಾಗಿ ಬೀಸಿದ ಬಲೆ

2001ರ ಸೆಪ್ಟೆಂಬರ್ 29. ವೀರಪ್ಪನ್ ಸಹಚರರೆಂಬ ಆರೋಪ ಹೊತ್ತವರ ಮೇಲಿನ ಮೊಕದ್ದಮೆಗಳಲ್ಲಿ ಮೈಸೂರಿನ ಟಾಡಾ ವಿಶೇಷ ನ್ಯಾಯಾಲಯ ಅಂದು ತೀರ್ಪು ನೀಡಿತು. ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಶಿಕ್ಷೆಗೆ ಗುರಿಯಾದವರ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ. ಖುಲಾಸೆಯಾದವರಲ್ಲಿ ಹಲವರು 1993ರ ಸುಮಾರಿಗೆ ಬಂಧಿತರಾಗಿ, ಎಂಟು ವರ್ಷಗಳ ಕಾಲ ಜೈಲಿನ ಗೋಡೆಗಳನ್ನೇ ನೋಡಿದವರು. ಅವರಲ್ಲಿ ಹೆಚ್ಚಿನವರು ಕಾಡಂಚಿನ ಬಡವರು. ಕೂಲಿ ಮಾಡುವವರು, ದನ ಕಾಯುವವರು, ತುಂಡು ಭೂಮಿಯಲ್ಲಿ ರಾಗಿ ಬೆಳೆಯುವವರು.

ಒಬ್ಬ ದಂತಚೋರನ ಬೇಟೆಗೆ ಹೊರಟ ಪೊಲೀಸ್ ಕಾರ್ಯಾಚರಣೆ ಈ ಜನರನ್ನು ತನ್ನ ಬಲೆಯೊಳಕ್ಕೆ ಎಳೆದುಕೊಂಡದ್ದಾದರೂ ಹೇಗೆ? ಇಂದಿನ ಚಾಮರಾಜನಗರ ಜಿಲ್ಲೆಯ ಪೂರ್ವದ ಗುಡ್ಡಗಾಡಿನ ಇತ್ತೀಚಿನ ಇತಿಹಾಸವನ್ನು ತಿರುವಿ ಹಾಕಿದರೆ ಅದಕ್ಕೆ ಉತ್ತರ ಸಿಗುತ್ತದೆ.

ಶ್ರೀನಿವಾಸ್ ಹಿಡಿದ ದಾರಿ

1952ರಲ್ಲಿ ವೀರಪ್ಪನ್ ಹುಟ್ಟಿದ ಗೋಪಿನಾಥಂ, ಮಲೆ ಮಹದೇಶ್ವರ ಬೆಟ್ಟದಾಚೆ ತಮಿಳುನಾಡಿನ ಗಡಿಗೆ ಅಂಟಿಕೊಂಡಿರುವ ಊರು. ಸುತ್ತ ಕಾಡು. ಮಳೆ ಬಂದರೆ ಬೆಳೆ, ಇಲ್ಲವಾದರೆ ಕೂಲಿ. ಶ್ರೀಗಂಧದ ಮರ ಕಡಿದು ಹೊತ್ತು ತರಲು ಕಳ್ಳಸಾಗಣೆದಾರರಿಗೆ ಕೈಗಳು ಬೇಕಿದ್ದವು. ಊರಿನವರಿಗೆ ಕೂಲಿ ಬೇಕಿತ್ತು. ಕೆಲವರು ಹಣದಾಸೆಗೆ ಹೋದರು, ಕೆಲವರು ಹೆದರಿ ಹೋದರು. ಆದರೆ ಇಡೀ ಊರು ಗ್ಯಾಂಗಿನಲ್ಲಿ ಇರಲಿಲ್ಲ.

ಈ ವ್ಯತ್ಯಾಸವನ್ನು ಅರಿತ ಅಧಿಕಾರಿಯೊಬ್ಬರಿದ್ದರು. ಅವರು ಭಾರತೀಯ ಅರಣ್ಯ ಸೇವೆಯ ಪಿ. ಶ್ರೀನಿವಾಸ್. ಗೋಪಿನಾಥಂನಲ್ಲೇ ಬೀಡುಬಿಟ್ಟ ಅವರು ಊರಿನವರ ಕಾಯಿಲೆ ಕಸಾಲೆಗೆ ಔಷಧಿಯ ವ್ಯವಸ್ಥೆ ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಲು ಮುಂದಾದರು, ತಂಡದ ಜೊತೆಗಿದ್ದವರನ್ನು ಶರಣಾಗುವಂತೆ ಒಲಿಸಿದರು. ಜನರ ವಿಶ್ವಾಸ ಗಳಿಸಿದರೆ ವೀರಪ್ಪನ್ ಒಂಟಿಯಾಗುತ್ತಾನೆ ಎಂಬುದು ಅವರ ಲೆಕ್ಕ. ಶರಣಾಗುವುದಾಗಿ ನಂಬಿಸಿ ಕರೆಸಿಕೊಂಡ ವೀರಪ್ಪನ್ 1991ರ ನವೆಂಬರ್ 10ರಂದು ಅವರನ್ನು ಕೊಂದ. ಸರ್ಕಾರ ಮರಣೋತ್ತರವಾಗಿ ಕೀರ್ತಿ ಚಕ್ರ ನೀಡಿ ಗೌರವಿಸಿತು. ಆದರೆ ಅವರು ಹಿಡಿದಿದ್ದ ದಾರಿ ಅವರೊಂದಿಗೇ ಮುಗಿಯಿತು.

ಬಲೆ ಬಿಗಿದ ಬಗೆ

ಅನಂತರದ್ದು ರಕ್ತದ ಕಥೆ. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುದಾಳಿಗೆ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹಾಗೂ ಸಿಬ್ಬಂದಿ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಸಹೋದ್ಯೋಗಿಗಳನ್ನು ಕಳೆದುಕೊಂಡ ಪೊಲೀಸರ ಆಕ್ರೋಶ ಎಂಥದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು (ಎಸ್‌ಟಿಎಫ್) ಕಾಡನ್ನು ಸುತ್ತುವರಿದವು. ಕಾಡೊಳಗಿದ್ದವನು ಸಿಗಲಿಲ್ಲ, ಕಾಡಂಚಿನಲ್ಲಿದ್ದವರು ಸಿಕ್ಕರು. ವೀರಪ್ಪನ್‌ಗೆ ಅಕ್ಕಿ ಬೇಳೆ ಕೊಟ್ಟವರು ಯಾರು, ಅವನು ಹೋದ ದಾರಿ ಯಾವುದು ಎಂಬ ಪ್ರಶ್ನೆಗಳು ಊರೂರಿನ ಬಾಗಿಲು ತಟ್ಟಿದವು. ಸಂತೆಯಿಂದ ಹೆಚ್ಚು ಸಾಮಾನು ಹೊತ್ತು ತಂದರೂ ಸಂಶಯ. ಜೇನು, ನೆಲ್ಲಿಕಾಯಿ, ಸೌದೆಗೆಂದು ಕಾಡಿಗೆ ಹೋಗುವ ಸೋಲಿಗರಿಗೆ ಕಾಡೇ ಅಪಾಯದ ಜಾಗವಾಯಿತು. ವಿಚಾರಣೆಗೆಂದು ಕರೆದೊಯ್ದವರನ್ನು ಇರಿಸುತ್ತಿದ್ದ ಮಹದೇಶ್ವರ ಬೆಟ್ಟದ ಶಿಬಿರದಲ್ಲಿನ ಹಿಂಸೆಯ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರೇ ಬಿತ್ತು.

ಇನ್ನೊಂದು ಕಡೆ ವೀರಪ್ಪನ್ ಇದ್ದ. ಪೊಲೀಸರಿಗೆ ಸುಳಿವು ಕೊಟ್ಟರೆಂಬ ಗುಮಾನಿಯ ಮೇಲೆಯೇ ಅವನು ಹಳ್ಳಿಗರನ್ನು ಕೊಲ್ಲುತ್ತಿದ್ದ. ಬಾಯಿಬಿಟ್ಟರೆ ಅವನ ಗುಂಡು, ಬಾಯಿಬಿಡದಿದ್ದರೆ ಪೊಲೀಸರ ಲಾಠಿ. ಅತ್ತ ದರಿ, ಇತ್ತ ಪುಲಿ ಎಂಬ ಮಾತು ಈ ಜನರ ಪಾಲಿಗೆ ಅಕ್ಷರಶಃ ನಿಜವಾಯಿತು.

ಇದಕ್ಕೆ ಟಾಡಾದ ಬಲವೂ ಸೇರಿತು. 1987ರ ಈ ಕಾಯ್ದೆಯಡಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ಹೇಳಿಕೆಗೆ ಅಂಥ ಬೆಲೆಯಿಲ್ಲ. ಜಾಮೀನು ಸಿಗುವುದಂತೂ ದುಸ್ತರ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ ಎಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕಿತ್ತು. ವಕೀಲರನ್ನಿಟ್ಟುಕೊಳ್ಳುವ ಶಕ್ತಿಯೇ ಇಲ್ಲದವರು ಇದನ್ನು ಮನವರಿಕೆ ಮಾಡಿಕೊಡುವುದೆಂತು? 1995ರ ಮೇನಲ್ಲಿ ಕಾಯ್ದೆಯ ಅವಧಿ ಮುಗಿದರೂ ಆಗಲೇ ಹೂಡಿದ್ದ ಮೊಕದ್ದಮೆಗಳು ಮುಗಿಯಲಿಲ್ಲ.

ಹಳೆಯ ಕಾನೂನಿನ ನೆರಳು

ಊರಿಗೆ ಊರನ್ನೇ ಶಂಕಿಸುವ ಈ ಪದ್ಧತಿ ಹೊಸದೇನಲ್ಲ. 1861ರ ಪೊಲೀಸ್ ಕಾಯ್ದೆಯ 15ನೇ ಕಲಮಿನಂತೆ ಗಲಭೆಪೀಡಿತ ಪ್ರದೇಶದಲ್ಲಿ ಹೆಚ್ಚುವರಿ ಪೊಲೀಸರನ್ನು ನೆಲೆಗೊಳಿಸಿ, ಅದರ ವೆಚ್ಚವನ್ನು ಅಲ್ಲಿನ ನಿವಾಸಿಗಳಿಂದಲೇ ವಸೂಲಿ ಮಾಡಬಹುದಿತ್ತು. ತಪ್ಪು ಒಬ್ಬನದು, ದಂಡ ಊರಿಗೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಸಮುದಾಯಗಳಲ್ಲಿ ಹುಟ್ಟಿದವರನ್ನೆಲ್ಲ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಹುಬ್ಬಳ್ಳಿಯಲ್ಲಿ ಇಂಥವರನ್ನು ಬೇಲಿಯೊಳಗೆ ಇಟ್ಟಿದ್ದ ಜಾಗ ಇಂದಿಗೂ ‘ಸೆಟ್ಲ್‌ಮೆಂಟ್’ ಎಂಬ ಹೆಸರನ್ನೇ ಹೊತ್ತಿದೆ. ಕಾಯ್ದೆ 1952ರಲ್ಲಿ ರದ್ದಾಯಿತು; ಅದನ್ನು ಹುಟ್ಟಿಸಿದ ಯೋಚನೆ ಮಾತ್ರ ಅಷ್ಟು ಸುಲಭಕ್ಕೆ ರದ್ದಾಗಲಿಲ್ಲ.

ಒಬ್ಬ ತಂದೆಯ ಅರ್ಜಿ

2000ದ ಜುಲೈ 30ರಂದು ವರನಟ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದ್ದು ಓದುಗರಿಗೆ ನೆನಪಿರಬಹುದು. ಮೈಸೂರು ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆ ಅವನ ಬೇಡಿಕೆಗಳಲ್ಲೊಂದು. ಸರ್ಕಾರ ಮೊಕದ್ದಮೆ ಹಿಂದಕ್ಕೆ ಪಡೆಯಲು ಮುಂದಾಯಿತು. ವಿಶೇಷ ನ್ಯಾಯಾಲಯವೂ ಒಪ್ಪಿತು. ಆಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಹತರಾದ ಶಕೀಲ್ ಅಹಮದ್ ಅವರ ತಂದೆ. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಬಿಡುಗಡೆಗೆ ತಡೆಹಾಕಿತು.

ಆ ತಂದೆಯ ನೋವು ನ್ಯಾಯವಾದದ್ದೇ. ಆದರೆ ಮರು ವರ್ಷವೇ ಖುಲಾಸೆಯಾಗಲಿದ್ದ ನಿರಪರಾಧಿಗಳೂ ಅದೇ ಕೈದಿಗಳ ನಡುವೆ ಇದ್ದರು. ಕಾಳು ಯಾವುದು, ಜೊಳ್ಳು ಯಾವುದು ಎಂದು ಮೊದಲೇ ಕೇರಿ ನೋಡಿದ್ದರೆ ಮಗನನ್ನು ಕಳೆದುಕೊಂಡ ತಂದೆಗೂ, ತಪ್ಪಿಲ್ಲದೆ ಕೊಳೆಯುತ್ತಿದ್ದ ಕೂಲಿಯವನಿಗೂ ಒಟ್ಟಿಗೇ ನ್ಯಾಯ ಸಿಗುತ್ತಿತ್ತು.

ಶಿಕ್ಷೆಯಾದವರ ಕಥೆ ಬೇರೆ. ಮೇಲ್ಮನವಿಗೆ ಹೋದ ನಾಲ್ವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗಲು ವರ್ಷಗಟ್ಟಲೆ ತಡವಾದ ಕಾರಣ 2014ರ ಜನವರಿಯಲ್ಲಿ ಅದೇ ನ್ಯಾಯಾಲಯ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಸದಾಶಿವ ಸಮಿತಿ

ಹಳ್ಳಿಗರ ದೂರುಗಳು ಕೊನೆಗೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವನ್ನು ಮುಟ್ಟಿದವು. ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ನಿವೃತ್ತ ಪೊಲೀಸ್ ಅಧಿಕಾರಿ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಅಕ್ರಮ ಬಂಧನ, ವಿದ್ಯುತ್ ಶಾಕ್, ಹೆಂಗಸರ ಮೇಲಿನ ಅತ್ಯಾಚಾರ ಹೀಗೆ ಒಂದೊಂದಾಗಿ ಹೇಳಿಕೆಗಳು ದಾಖಲಾದವು. 2003ರ ಡಿಸೆಂಬರ್‌ನಲ್ಲಿ ವರದಿ ಸಲ್ಲಿಕೆಯಾಯಿತು. ಅಮಾಯಕರು ದೌರ್ಜನ್ಯಕ್ಕೆ ತುತ್ತಾದರೆಂಬುದನ್ನು ಸಮಿತಿ ಒಪ್ಪಿತು.

2004ರ ಅಕ್ಟೋಬರ್ 18ರಂದು ಧರ್ಮಪುರಿ ಬಳಿಯ ಪಾಪಾರಪಟ್ಟಿಯಲ್ಲಿ ತಮಿಳುನಾಡು ಎಸ್‌ಟಿಎಫ್ ವೀರಪ್ಪನ್‌ನನ್ನು ಕೊಂದಿತು. ಬೆನ್ನಿಗೇ ಆ ರಾಜ್ಯ ಸರ್ಕಾರ ಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ರೂಪಾಯಿ, ನಿವೇಶನ, ಬಡ್ತಿ ಘೋಷಿಸಿತು. ಸಂತ್ರಸ್ತರ ಸರದಿ ಬಂದದ್ದು 2007ರ ಜನವರಿಯಲ್ಲಿ. 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆಯೋಗ ಹೇಳಿತು. ಭಾಗಿಸಿ ನೋಡಿದರೆ ತಲೆಗೆ 3 ಲಕ್ಷಕ್ಕಿಂತ ತುಸು ಹೆಚ್ಚು. ಹಿಡಿದವರ ಬಹುಮಾನ ಮತ್ತು ಹಿಡಿಯಲ್ಪಟ್ಟವರ ಪರಿಹಾರ ಹೆಚ್ಚು ಕಡಿಮೆ ಒಂದೇ ಮೊತ್ತ. ಒಂದು ಕೆಲವೇ ದಿನಗಳಲ್ಲಿ ಬಂತು, ಇನ್ನೊಂದಕ್ಕೆ ಹತ್ತಾರು ವರ್ಷ ಕಾಯಬೇಕಾಯಿತು.

ಕೊನೆಗೂ ಶಿಕ್ಷೆಯಾದ ನಿದರ್ಶನವೂ ನೆರೆಯ ಧರ್ಮಪುರಿ ಜಿಲ್ಲೆಯಲ್ಲೇ ಇದೆ. ಶ್ರೀಗಂಧ ಹುಡುಕುವ ನೆಪದಲ್ಲಿ 1992ರ ಜೂನ್ 20ರಂದು ವಾಚಾತಿ ಹಳ್ಳಿಗೆ ನುಗ್ಗಿ ದೌರ್ಜನ್ಯ ನಡೆಸಿದ ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಯ 269 ಮಂದಿ ತಪ್ಪಿತಸ್ಥರೆಂದು 2011ರಲ್ಲಿ ತೀರ್ಪಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲೂ ನ್ಯಾಯಕ್ಕೆ ಮೂರು ದಶಕ ಹಿಡಿಯಿತು.

ಕಾಡಂಚಿನ ಈ ಪಾಠ ಪಟ್ಟಣದ ಕೊಳೆಗೇರಿಗೂ ಸಲ್ಲುತ್ತದೆ. ಕಳುವಾದರೆ ಪೊಲೀಸ್ ಜೀಪು ಮೊದಲು ಹೋಗುವುದು ಗುಡಿಸಲುಗಳತ್ತ. ರೌಡಿ ಪಟ್ಟಿಗೆ ಹೆಸರು ಬೇಗ ಸೇರುವುದೂ ಅಲ್ಲಿಯವರದೇ. ಹಿಂದುಳಿದ ಸಮುದಾಯದವರೆಂಬ ಕಾರಣಕ್ಕೆ ಅಮಾಯಕರ ಹೆಸರು ಇಂಥ ಪಟ್ಟಿಗಳಿಗೆ ಯಾಂತ್ರಿಕವಾಗಿ ಸೇರಬಾರದೆಂದು ಸುಪ್ರೀಂ ಕೋರ್ಟ್ 2024ರ ಮೇನಲ್ಲಿ ಎಚ್ಚರಿಸಬೇಕಾಯಿತು.

ವೀರಪ್ಪನ್‌ನ ಕಾಡು 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮವಾಯಿತು. ಗೋಪಿನಾಥಂಗೆ ಈಗ ಪ್ರವಾಸಿಗರು ಬರುತ್ತಾರೆ, ವೀರಪ್ಪನ್ ಕಥೆ ಕೇಳುತ್ತಾರೆ. ಆದರೆ ಆ ಕಾಡಿನ ಕಥೆ ಅವನೊಬ್ಬನದೇ ಅಲ್ಲ. ಅವನ ಊರಿನ ಸುತ್ತಮುತ್ತ ಹುಟ್ಟಿದ್ದೇ ಅಪರಾಧವಾಗಿ, ಎಂಟು ವರ್ಷ ತಪ್ಪು ಯಾವುದೆಂದು ತಿಳಿಯದೆ ಕಳೆದವರ ಕಥೆಯೂ ಹೌದು.