ಇಂಚು ಕೇಳಿದವರು, ಗೆರೆ ಎಣಿಸದವರು

ಮೈಸೂರಿನ ನಮ್ಮ ಟಿವಿ ಅಂಗಡಿಗೆ ಬಂದವರೆಲ್ಲ ಮೊದಲಿನಿಂದಲೂ ಕೇಳಿದ್ದು ಒಂದೇ: ‘ಎಷ್ಟು ಇಂಚು?’ ಚಿತ್ರ ಎಷ್ಟು ಅಡ್ಡ ಗೆರೆಗಳದ್ದೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ ಬಿಡಿ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣವೇನೋ ಬಂತು, ಆದರೆ ದೂರದರ್ಶನದ ಚಿತ್ರ ಅದೇ 625 ಗೆರೆಯದು; ಚಿತ್ರಕ್ಕೆ ದಕ್ಕುತ್ತಿದ್ದುದು 576. 14 ಇಂಚಿನ ಪೋರ್ಟಬಲ್ಲಿಗೂ ಅಷ್ಟೇ, 29 ಇಂಚಿನ ಡಬ್ಬಕ್ಕೂ ಅಷ್ಟೇ. ದೊಡ್ಡದು ಕೊಂಡವರು ಅದೇ ಒಂದು ಸೌಟು ಹಿಟ್ಟನ್ನು ಅಗಲದ ಕಾವಲಿಗೆ ಹುಯ್ದಂತೆ.

ಗೊಂದಲ ಶುರುವಾದದ್ದು ತೆಳು ಪರದೆ ಬಂದ ಮೇಲೆ. ‘ಎಚ್‌ಡಿ ರೆಡಿ’ ಎಂದರೆ ಸಾಮಾನ್ಯವಾಗಿ 1366×768, ಸುಮಾರು ಹತ್ತೂವರೆ ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಅದರ ಎರಡರಷ್ಟು. 4ಕೆ ಬಂದಾಗ ಲೆಕ್ಕ 83 ಲಕ್ಷಕ್ಕೆ ಹೋಯಿತು. ಕೈ ಬಿಗಿಯಿದ್ದವರಿಗೆ ನಾನು ಮೊದಲು ಕೇಳುತ್ತಿದ್ದುದು ಸೋಫಾ ಎಲ್ಲಿದೆ ಎಂದು. ಹತ್ತಡಿ ದೂರದಿಂದ 43 ಇಂಚಿನ ಪರದೆ ನೋಡುವವರ ಕಣ್ಣಿಗೆ ಫುಲ್ ಎಚ್‌ಡಿಯೇ ಧಾರಾಳ. 55 ಇಂಚನ್ನು ಹತ್ತಿರ ಕೂತು ನೋಡುವವರಿಗೆ 4ಕೆ.

ಅಂಗಡಿಯಲ್ಲಿ ಪೆನ್‌ಡ್ರೈವಿನ ಗಿಳಿ, ಜಲಪಾತ ಮಿನುಗುತ್ತಿದ್ದವು. ಮನೆಯಲ್ಲಿ ಧಾರಾವಾಹಿ ಮಸುಕು. ‘ಬೇರೆ ಪೀಸು ಕಳಿಸಿದ್ದೀರಿ ಸಾರ್’ ಎಂದು ಜಗಳಕ್ಕೆ ಬಂದವರಿಗೆ ಸೆಟ್‌ಟಾಪ್ ಬಾಕ್ಸಿನ ಪ್ಯಾಕ್ ಯಾವುದೆಂದು ಕೇಳುತ್ತಿದ್ದೆ. ಬಹುತೇಕ ಎಸ್‌ಡಿ, ಅಂದರೆ ಅದೇ ಹಳೆಯ 576 ಗೆರೆ.